ಎಂಜಿಬಿಯ ಹಿಂದಿನ ಬ್ರೇಕ್ ಸಿಲಿಂಡರ್ ಬದಲಾವಣೆ: ದಾವಣಗೆರೆಯ ಒಂದು ಗ್ಯಾರೇಜಿನ ಕೆಲಸ

ಎಂಜಿಬಿಯಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬ್ರೇಕ್ ಕೆಲಸವನ್ನು ನಂಬಿ ಒಪ್ಪಿಸಬಹುದಾದ ಜಾಗ ದಾವಣಗೆರೆಯಲ್ಲಿದೆಯೇ ಎಂದು ಕೇಳುವವರಿಗೆ, ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ, ಬೋರ್ಡು ಕೂಡ ಇಲ್ಲದ ಒಂದು ಶೆಡ್ಡನ್ನು ನಾನು ಧೈರ್ಯವಾಗಿ ತೋರಿಸುತ್ತೇನೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಅದುವರೆಗೆ ಎಂಜಿಬಿಗೆ ಕೈ ಹಾಕಿದವರಲ್ಲ. ಆದರೆ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಒಂದೇ ಬಿ ಸರಣಿಯವಾದ್ದರಿಂದ, ಅಂಬಾಸಿಡರ್ ಬಿಚ್ಚಿ ಕಟ್ಟುತ್ತಲೇ ಕೆಲಸ ಕಲಿತ ಅವರಿಗೆ ಇಂಚಿನ ಅಳತೆಯ ನಟ್ಟು ಬೋಲ್ಟುಗಳು ಹೊಸವೇನಲ್ಲ.

ನನ್ನ ಎಂಜಿಬಿಯ ಬ್ರೇಕ್ ಆಯಿಲ್ ಇಳಿಯುತ್ತಿತ್ತು, ಎಡ ಹಿಂಚಕ್ರದ ಒಳಮೈ ಒದ್ದೆಯಾಗಿತ್ತು. ಹಳೆಯ ಸಿಲಿಂಡರಿಗೇ ಹೊಸ ರಬ್ಬರ್ ಕಪ್ಪುಗಳ ಕಿಟ್ ಹಾಕಿ ಕಳುಹಿಸಿದ್ದರೆ ಅಗ್ಗವಾಗುತ್ತಿತ್ತು. ಅವರು ಹಾಗೆ ಮಾಡದೆ, ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಿಂದ ಬ್ರೇಕ್ ಲೈನರುಗಳನ್ನು ತಳ್ಳುವ ಆ ಸಿಲಿಂಡರನ್ನು ಬಿಚ್ಚಿ, ಒರೆಸಿ, ಟಾರ್ಚ್ ಬಿಟ್ಟು ಒಳಗೋಡೆಯ ತುಕ್ಕಿನ ಗುಳಿಗಳನ್ನು ನನಗೇ ತೋರಿಸಿದರು. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಓಡುವುದಕ್ಕಿಂತ ನಿಂತಿರುವುದೇ ಹೆಚ್ಚಾದ ಇಂಥ ಕಾರುಗಳಲ್ಲಿ ಆ ನೀರು ಸಿಲಿಂಡರಿನ ಕಬ್ಬಿಣವನ್ನು ತಿನ್ನುತ್ತದೆ, ಗುಳಿಬಿದ್ದ ಗೋಡೆಯಲ್ಲಿ ಹೊಸ ರಬ್ಬರ್ ಕಪ್ಪೂ ಬಾಳುವುದಿಲ್ಲ. "ಒಂದ್ ಕಡೆ ಅಷ್ಟೇ ಹಾಕಿದ್ರೆ ಗಾಡಿ ಎಳಿತೈತಿ ಸರ್, ಎರಡೂ ಹಾಕೋಣ" ಎಂದರು. ಆಯಿಲ್ ಕುಡಿದ ಲೈನರ್‌ಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಲು ಅವರು ಒಪ್ಪಲಿಲ್ಲ ಎಂಬುದೂ ನನಗೆ ಹಿಡಿಸಿತು.

ಈ ಕಾರಿನಲ್ಲಿ ಕೈಗುಣ ತಿಳಿಯುವುದು ಸಿಲಿಂಡರನ್ನು ಚಕ್ರದ ಒಳಬದಿಯ ತಗಡಿಗೆ, ಅಂದರೆ ಬ್ಯಾಕ್ ಪ್ಲೇಟಿಗೆ, ಹಿಂದಿನಿಂದ ಹಿಡಿದಿಡುವ 'ಇ' ಆಕಾರದ ಸರ್ಕ್ಲಿಪ್ ಹಾಕುವಾಗ. ಸ್ಕ್ರೂಡ್ರೈವರಿನಿಂದ ಬಡಿದು ಕೂರಿಸಹೋದರೆ ಕ್ಲಿಪ್ ಸೊಟ್ಟಗಾಗುತ್ತದೆ. ಇವರು ಚಕ್ರ ಕೂರುವ ಹಬ್‌ಗೂ ಸಿಲಿಂಡರಿಗೂ ನಡುವೆ ಮರದ ತುಂಡೊಂದನ್ನು ಬಿಗಿಯಾಗಿ ತೂರಿಸಿ ಸಿಲಿಂಡರ್ ಅಲುಗದಂತೆ ಮಾಡಿ, ಹಿಂದಿನಿಂದ ದೊಡ್ಡ ಸಾಕೆಟ್ ಒಂದನ್ನು ಕ್ಲಿಪ್ಪಿನ ಮೇಲಿಟ್ಟು ಸಮನಾಗಿ ಒತ್ತಿದರು. 'ಟಕ್' ಎಂದು ಕೂತಿತು. ಆಮೇಲೆ, ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿಗೆ ದೂರವಿರುವ ಚಕ್ರದಿಂದ ಶುರುಮಾಡಿ, ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆದರು. ಬ್ರೇಕ್ ಆಯಿಲ್ ತಾಗಿದರೆ ಬಣ್ಣ ಏಳುತ್ತದೆಂದು ಬಾನೆಟ್ಟಿನ ಪಕ್ಕಕ್ಕೆ ಒದ್ದೆ ಬಟ್ಟೆ ಹೊದಿಸಿದ್ದರು.

ದೂರು ಹೇಳಲೇಬೇಕಾದದ್ದು ಹ್ಯಾಂಡ್ ಬ್ರೇಕಿನ ಬಗ್ಗೆ. ಬ್ಯಾಕ್ ಪ್ಲೇಟಿನ ಚೌಕ ಅಡ್ಜಸ್ಟರಿನಿಂದ ಲೈನರ್‌ಗಳನ್ನು ಹತ್ತಿರ ತಂದ ಮೇಲೆ ಕೇಬಲ್ಲನ್ನೂ ನೋಡಬೇಕಿತ್ತು, ನೋಡಿರಲಿಲ್ಲ. ಲಿವರ್ ತೀರಾ ಮೇಲಕ್ಕೆ ಬರುತ್ತಿತ್ತು. ಮತ್ತೆ ಒಯ್ದಾಗ ಹಣ ಕೇಳದೆ ಸರಿಮಾಡಿಕೊಟ್ಟರು. ಬಿಲ್ಲನ್ನು ವಿವರವಾಗಿ ಬರೆದುಕೊಡುವ ರೂಢಿ ಮಾತ್ರ ಅಲ್ಲಿಲ್ಲ, ಅದು ಬರಬೇಕು. ಮಜೂರಿ ನ್ಯಾಯವಾಗಿದೆ. ಹರಿಹರದ ಕಡೆ ಓಡಿಸಿದಾಗ ಪೆಡಲ್ ಗಟ್ಟಿಯಾಗಿ ನಿಂತಿತು, ಕಾರು ಯಾವ ಕಡೆಗೂ ಎಳೆಯಲಿಲ್ಲ. ಬಿಡಿಭಾಗಗಳು ಅಲ್ಲಿ ಸಿಗುವುದಿಲ್ಲವಾದ್ದರಿಂದ ಸಿಲಿಂಡರ್, ಸರ್ಕ್ಲಿಪ್, ಲೈನರ್‌ಗಳನ್ನು ಮೊದಲೇ ತರಿಸಿಕೊಂಡು, ಒಂದೆರಡು ಕ್ಲಿಪ್ ಹೆಚ್ಚಿಗೆ ಇಟ್ಟುಕೊಂಡು ಹೋಗಿ.