ಹಂಸ ಹುಡುಕುವ ಪೊಲೀಸರೇ ನನಗೆ ಇಷ್ಟ: ಮೂರು ಅಣಕು ಸಿನಿಮಾಗಳ ಹೋಲಿಕೆ

ಕಳೆದ ತಿಂಗಳು ‘ಹಾಟ್ ಫಜ್’ ಸಿನಿಮಾಕ್ಕೆ ಎರಡು ಸಲ ದುಡ್ಡು ಕೊಟ್ಟೆ. ಮೊದಲು ಬಾಡಿಗೆಗೆ ಮೊಬೈಲ್‌ನಲ್ಲಿ, ಆಮೇಲೆ ಯಾರೋ ನೋಡಿ ಮಾರಿದ ಹಳೆಯ ಡಿವಿಡಿಗೆ. ಎರಡನೆಯ ಸಲ ಕೊಟ್ಟ 150 ರೂಪಾಯಿಯ ಬಗ್ಗೆ ಎಳ್ಳಷ್ಟೂ ಬೇಸರವಿಲ್ಲ. ಅದೇ ವಾರ ‘ದಿ ಅದರ್ ಗೈಸ್’ ಮತ್ತು ‘ಲೋಡೆಡ್ ವೆಪನ್ 1’ ಕೂಡ ನೋಡಿದೆ. ಒಬ್ಬ ಬಿಗಿ, ಒಬ್ಬ ಸಡಿಲ. ಇಬ್ಬರು ಪೊಲೀಸರು ಜಗಳವಾಡುತ್ತಲೇ ಗೆಳೆಯರಾಗಿ ಊರಿಡೀ ಗುಂಡು ಹಾರಿಸುತ್ತಾರಲ್ಲ, ಅಂಥ ಹಾಲಿವುಡ್ ಸಿನಿಮಾಗಳ ಅಣಕು ಈ ಮೂರೂ.

ಮೊದಲು ‘ಹಾಟ್ ಫಜ್’ ಬಾಡಿಗೆ ಪ್ರತಿಯ ತೊಂದರೆ ಹೇಳಿಬಿಡುತ್ತೇನೆ. ಎಡ್ಗರ್ ರೈಟ್ ನಿರ್ದೇಶನದ ಈ 2007ರ ಚಿತ್ರದಲ್ಲಿ ಲಂಡನ್ನಿನ ನಿಕೊಲಸ್ ಏಂಜೆಲ್ ಎಂಬ ಪೊಲೀಸ್ ಅಧಿಕಾರಿ ಅತಿಯಾಗಿ ಕೆಲಸ ಮಾಡುತ್ತಾನೆ. ಅವನ ಮುಂದೆ ಉಳಿದವರೆಲ್ಲ ಸಪ್ಪೆಯಾಗಿ ಕಾಣುತ್ತಾರೆಂದು ಅವನನ್ನು ಸ್ಯಾಂಡ್‌ಫರ್ಡ್ ಎಂಬ ಹಳ್ಳಿಗೆ ಎತ್ತಂಗಡಿ ಮಾಡುತ್ತಾರೆ. ಅಲ್ಲೊಂದು ಬೇಲಿಯ ತಕರಾರು. ಮುದುಕ ರೈತ ಏನೋ ಗೊಣಗುತ್ತಾನೆ. ಅದನ್ನು ಹಿರಿಯ ಪೇದೆಯೊಬ್ಬ ತಾನೂ ಗೊಣಗುತ್ತಾ ಬಿಡಿಸಿ ಹೇಳುತ್ತಾನೆ. ಆ ಪೇದೆಯ ಮಾತನ್ನು ಜೊತೆಗಾರ ಡ್ಯಾನಿ ಮತ್ತೆ ಬಿಡಿಸಿದ ಮೇಲೆಯೇ ಏಂಜೆಲ್‌ಗೆ ತಿಳಿಯುವುದು. ಮೂವರೂ ಆಡುವುದು ಇಂಗ್ಲಿಷನ್ನೇ!

ಬಾಡಿಗೆ ಪ್ರತಿಯಲ್ಲಿ ರೈತ ಬಾಯಿ ತೆರೆಯುವುದೇ ತಡ, ಅವನ ಮಾತು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಪರದೆಯ ಕೆಳಗೆ ಮೂಡಿತು. ಮುಂದಿನ ಇಬ್ಬರು ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಪಕ್ಕದಲ್ಲಿದ್ದ ಅಕ್ಕ, “ಇದರಲ್ಲಿ ನಗುವಂಥದ್ದು ಏನಿದೆಯೋ?” ಎಂದಳು. ಅಡಿಬರಹ ತೆಗೆದರೆ ಠಾಣೆಯವರ ಬಿರುಸು ಮಾತು ನಮಗೆ ಸಿಗುವುದಿಲ್ಲ. ಇಟ್ಟರೆ ಇಂಥ ದೃಶ್ಯ ಸತ್ತುಹೋಗುತ್ತದೆ. ತೆಗೆದು ಹಾಕಲು ಪ್ರತಿ ಸಲವೂ ಚಿತ್ರ ನಿಲ್ಲಿಸಿ ಸೆಟ್ಟಿಂಗ್‌ಗೆ ಹೋಗಬೇಕು. ನಾಲ್ಕನೆಯ ಸಲಕ್ಕೆ ಅಕ್ಕ ಎದ್ದು ಅಡುಗೆಮನೆಗೆ ಹೋದಳು. ನನಗೆ ನಿಜಕ್ಕೂ ಸಿಟ್ಟು ಬಂತು. ಡಿವಿಡಿಯಲ್ಲಾದರೆ ರಿಮೋಟಿನ ಒಂದೇ ಗುಂಡಿ ಸಾಕು, ಚಿತ್ರ ನಿಲ್ಲುವುದಿಲ್ಲ. ಅದೇ ದೃಶ್ಯವನ್ನು ಅಡಿಬರಹವಿಲ್ಲದೆ ತೋರಿಸಿದಾಗ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೈಸೂರಿನಲ್ಲಿ ಬೆಳೆದ ಅವಳನ್ನು ಕೊಟ್ಟಿರುವುದು ಕುಂದಾಪುರಕ್ಕೆ. ಮದುವೆಯಾದ ಹೊಸತರಲ್ಲಿ ಮಾವನವರ ಮಾತನ್ನು ಭಾವ ಬಿಡಿಸಿ ಹೇಳಬೇಕಾಗುತ್ತಿತ್ತು.

ಚಿತ್ರ ನನಗೆ ಹಿಡಿಸಲು ದೊಡ್ಡ ಕಾರಣ, ಅದರಲ್ಲಿ ಯಾವ ಮಾತೂ ವ್ಯರ್ಥವಾಗುವುದಿಲ್ಲ. ತಪ್ಪಿಸಿಕೊಂಡ ಹಂಸವನ್ನು ಹುಡುಕಿ ಎಂಬ ದೂರು ಮೊದಲು ಕೆಲಸಕ್ಕೆ ಬಾರದ್ದೆನಿಸುತ್ತದೆ. ಕೊನೆಯಲ್ಲಿ ಆ ಹಂಸವೇ ಕಾರಿನೊಳಗೆ ಕುಳಿತು ತನ್ನ ಪಾಲಿನ ಕೆಲಸ ಮಾಡುತ್ತದೆ. ಸೂಪರ್‌ಮಾರ್ಕೆಟ್ ಮ್ಯಾನೇಜರನಾಗಿ ನಟಿಸಿರುವ ಟಿಮೊತಿ ಡಾಲ್ಟನ್ ಮೊದಲ ಭೇಟಿಯಲ್ಲೇ, “ನನ್ನನ್ನು ಬಂಧಿಸಿ, ನಾನು ಕಡಿಯುವವನು” ಎನ್ನುತ್ತಾನೆ. ಏನನ್ನು? ಬೆಲೆಗಳನ್ನು. ಮುಂದೆ ಹಳ್ಳಿಯಲ್ಲಿ ಒಂದರ ಹಿಂದೊಂದು ಕೊಲೆಗಳು ನಡೆಯುತ್ತವೆ, ಹಾಗಾಗಿ ಎರಡನೆಯ ಸಲ ನೋಡುವಾಗ ಆ ಮಾತಿಗೆ ಮೈ ಜುಮ್ಮೆನ್ನುತ್ತದೆ. ಚಿತ್ರೀಕರಣ ನಡೆದದ್ದು ನಿರ್ದೇಶಕ ರೈಟ್ ಬೆಳೆದ ಇಂಗ್ಲೆಂಡಿನ ವೆಲ್ಸ್ ಪಟ್ಟಣದಲ್ಲಿ. ಅಲ್ಲಿನ ಭಾರಿ ಚರ್ಚು ಹಳ್ಳಿಯ ನೋಟವನ್ನೇ ಕೆಡಿಸುತ್ತದೆಂದು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿಹಾಕಿದರು. ಕೊಲೆಗಳು ಮಾತ್ರ ರಕ್ತಮಯ. ಚಿಕ್ಕ ಮಕ್ಕಳಿಗೆ ತೋರಿಸಬೇಡಿ.

ಆಡಮ್ ಮೆಕೇ ನಿರ್ದೇಶಿಸಿದ 2010ರ ‘ದಿ ಅದರ್ ಗೈಸ್’ ಮೇಲೆ ನನಗೆ ಬೇರೆ ಬಗೆಯ ಪ್ರೀತಿ. ಸಹಕಾರ ಸಂಘಗಳ ಲೆಕ್ಕ ಪರಿಶೋಧನೆ ಮಾಡುವ ನನಗೆ, ಮೇಜು ಬಿಟ್ಟೇಳದೆ ಕಟ್ಟಡದ ಸಾರುವೆಗೆ ಪರವಾನಗಿ ಇದೆಯೇ ಎಂದು ತಡಕಾಡುವ ಪೊಲೀಸ್ ಪಾತ್ರದ ವಿಲ್ ಫೆರೆಲ್ ನಮ್ಮ ಕಚೇರಿಯವನೇ ಅನ್ನಿಸಿದ. ಕಳ್ಳನನ್ನು ಹಿಡಿದುಕೊಡುವುದೂ ಆ ಕಾಗದವೇ. ಆರಂಭದಲ್ಲಿ ಇಡೀ ನ್ಯೂಯಾರ್ಕ್ ಮೆರೆಸುವ ಇಬ್ಬರು ಪೊಲೀಸರು ಎತ್ತರದ ಮಹಡಿಯಿಂದ ಜಿಗಿಯುವ ದೃಶ್ಯ ಮೂರೂ ಚಿತ್ರಗಳಲ್ಲೇ ಶ್ರೇಷ್ಠ. ಆದರೆ ಅಲ್ಲಿಂದ ಮುಂದೆ ಬಿಗಿ ಸಡಿಲವಾಗುತ್ತದೆ. ಒಂದೇ ತಮಾಷೆಯನ್ನು ಮೂರು ನಿಮಿಷ ಎಳೆಯುತ್ತಾರೆ. ಕೊನೆಯ ಹೆಸರುಗಳ ಜೊತೆ ಹಣಕಾಸು ವಂಚನೆಯ ಅಂಕಿಅಂಶಗಳು ಬರುತ್ತವೆ, ಅದಕ್ಕೆ ಮೊದಲೇ ಎದ್ದುಬಿಡಬೇಡಿ.

1993ರ ‘ಲೋಡೆಡ್ ವೆಪನ್ 1’ ಚುಟುಕಾಗಿದೆ, 84 ನಿಮಿಷ. ಅದು ಮುಖ್ಯವಾಗಿ ಅಣಕಿಸುವ 1987ರ ‘ಲೀಥಲ್ ವೆಪನ್’ ನೋಡಿಲ್ಲದಿದ್ದರೆ ಅರ್ಧ ನಗೆ ಕೈತಪ್ಪುತ್ತದೆ. ಮರುದಿನಕ್ಕೆ ನನಗೆ ನೆನಪಿದ್ದದ್ದು, ವಿಳಾಸ ತಪ್ಪಿ ತನ್ನ ಮನೆಯನ್ನು ಉಡಾಯಿಸಿದವರ ಮುಂದೆ ಬ್ರೂಸ್ ವಿಲ್ಲಿಸ್ ಬಂದು ನಿಲ್ಲುವ ಒಂದು ಗಳಿಗೆ ಮಾತ್ರ.

ನಾನು ಒಂದು ಚಿತ್ರವನ್ನು ಮೂರು ನಾಲ್ಕು ಸಲ ನೋಡುವವನು. ಹಾಗಾಗಿ ಎರಡು ದಿನಕ್ಕೆ ಮುಗಿದುಹೋಗುವ ಬಾಡಿಗೆ ‘ಹಾಟ್ ಫಜ್’ಗೆ ಸರಿಹೋಗುವುದಿಲ್ಲ, ಡಿವಿಡಿಯನ್ನೇ ಹುಡುಕಿ ಕೊಳ್ಳಿ. ‘ದಿ ಅದರ್ ಗೈಸ್’ಗೆ ಬಾಡಿಗೆ ಧಾರಾಳ ಸಾಕು. ಮೂರನೆಯದಕ್ಕೆ ಮತ್ತೆ ದುಡ್ಡು ಕೊಡಲಾರೆ. ನನ್ನ ಡಿವಿಡಿ ಕೇಳಬೇಡಿ, ಭಾವನಿಗೂ ಮಾವನವರಿಗೂ ತೋರಿಸಬೇಕೆಂದು ಅಕ್ಕ ಕುಂದಾಪುರಕ್ಕೆ ಒಯ್ದಿದ್ದಾಳೆ.