ಲ್ಯಾಪ್‌ಟಾಪ್ ಆನ್ ಆಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು: "ಬೋರ್ಡ್ ಹೋಗಿದೆ" ಅಂದ ತಕ್ಷಣ ಹೂಂ ಅನ್ನಬೇಡಿ

ಕಾಲೇಜು ಹುಡುಗಿಯೊಬ್ಬಳ ಡೆಲ್ ಲ್ಯಾಪ್‌ಟಾಪ್. ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಲೈಟ್ ಬರುತ್ತಿತ್ತು, ಪರದೆ ಮಾತ್ರ ಕಪ್ಪು. ಮನೆ ಹತ್ತಿರದ ರಿಪೇರಿ ಅಂಗಡಿಯಲ್ಲಿ ಬಿಚ್ಚಿ ನೋಡಿ, "ಬೋರ್ಡ್ ಹೋಗಿದೆ ಮೇಡಂ, ಚೇಂಜೇ ಮಾಡ್ಬೇಕು, ಹದಿನೆಂಟು ಸಾವಿರ ಆಗುತ್ತೆ" ಅಂದರು. ಬೋರ್ಡ್ ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ. ಅಷ್ಟು ದುಡ್ಡಿಲ್ಲ ಅಂತ ವಾಪಸ್ ತಂದಾಗ ಅದರಲ್ಲಿ ಒಂದಲ್ಲ, ಎರಡು ದೋಷ ಇದ್ದವು. ಒಂದು ಅಂಗಡಿಗೆ ಹೋಗುವ ಮುಂಚಿನದು: ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ ಪಟ್ಟಿ) ಸ್ಲಾಟಿನಲ್ಲಿ ಸರಿಯಾಗಿ ಸಂಪರ್ಕ ಕೊಡುತ್ತಿರಲಿಲ್ಲ. ಇನ್ನೊಂದು ಅಂಗಡಿಯಲ್ಲೇ ಆದದ್ದು: ಬ್ಯಾಟರಿ ಕನೆಕ್ಟರ್ ತೆಗೆಯದೆ ಡಿಸ್‌ಪ್ಲೇ ಕೇಬಲ್ ಎಳೆದಿದ್ದರಿಂದ ಪರದೆಯ ಹಿಂದಿನ ಬೆಳಕಿನ, ಅಂದರೆ ಬ್ಯಾಕ್‌ಲೈಟ್ ಫ್ಯೂಸ್ ಸುಟ್ಟಿತ್ತು. ಖರ್ಚೇ ಇಲ್ಲದ ಕೆಲಸ ಬೆಸುಗೆ ಕಡ್ಡಿ ಹಿಡಿಯುವ ಕೆಲಸವಾಯಿತು. ಕಪ್ಪು ಸ್ಕ್ರೀನಿನ ವಿಷಯದಲ್ಲಿ ಹೀಗಾಗುವುದು ಅಪರೂಪವೇನಲ್ಲ, ಅದಕ್ಕೇ ಈ ಎಚ್ಚರಿಕೆ.

ಆ ಲ್ಯಾಪ್‌ಟಾಪ್ ತನ್ನ ರೋಗ ಏನು ಅಂತ ತಾನೇ ಹೇಳುತ್ತಿತ್ತು. ಚಾರ್ಜಿಂಗ್ ಲೈಟ್ ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ, ಮತ್ತೆ ಎರಡು ಕಿತ್ತಳೆ, ಮೂರು ಬಿಳಿ ಮಿನುಗುತ್ತಿತ್ತು. ಡೆಲ್ ಭಾಷೆಯಲ್ಲಿ 2-3 ಅಂದರೆ ರ‍್ಯಾಮ್ ಸಿಗುತ್ತಿಲ್ಲ. 2-4 ಮತ್ತು 2-5 ಕೂಡ ರ‍್ಯಾಮ್‌ಗೇ ಸಂಬಂಧಿಸಿದ್ದು. 2-1 ಬಂದರೆ ಪ್ರೊಸೆಸರ್, 2-2 ಬಂದರೆ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನ ಮೂಲ ತಂತ್ರಾಂಶ), 2-7 ಬಂದರೆ ಡಿಸ್‌ಪ್ಲೇ. ಎಚ್‌ಪಿಯ ಈಚಿನ ಮಾಡೆಲ್‌ಗಳಲ್ಲಿ ಕ್ಯಾಪ್ಸ್ ಲಾಕ್ ಅಥವಾ ಪವರ್ ಲೈಟ್ ಮೂರು ಸಲ ಉದ್ದಕ್ಕೆ, ಎರಡು ಸಲ ಚುಟುಕಾಗಿ ಮಿನುಗಿದರೆ ಅದೂ ರ‍್ಯಾಮ್ ದೂರೇ. ಅಂಗಡಿಗೆ ಹೋಗುವ ಮುಂಚೆ ಫೋನಿನಲ್ಲಿ ಅರ್ಧ ನಿಮಿಷ ಆ ಮಿನುಗನ್ನು ವಿಡಿಯೋ ಮಾಡಿಕೊಳ್ಳಿ. ಲೈಟ್ ಎಣಿಸದೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವವರ ಕೈಗೆ ಲ್ಯಾಪ್‌ಟಾಪ್ ಕೊಡದಿರುವುದೇ ವಾಸಿ.

ಮೊದಲು ತಿಳಿಯಬೇಕಾದ್ದು ಒಂದೇ: ಒಳಗೆ ಕಂಪ್ಯೂಟರ್ ಓಡುತ್ತಿದೆಯೋ ಇಲ್ಲವೋ. ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಒತ್ತಿದಾಗೆಲ್ಲ ಅದರ ಲೈಟ್ ಹತ್ತಿ ಆರುತ್ತಿದ್ದರೆ ಸಿಸ್ಟಮ್ ಬಹುಮಟ್ಟಿಗೆ ಜೀವಂತವಾಗಿದೆ, ಕಾಣಿಸುತ್ತಿಲ್ಲ ಅಷ್ಟೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ, ಒಂದು ಬೀಪ್ ಕೇಳಬಹುದು. ಚಿತ್ರ ಬರಲಿಲ್ಲವೇ? ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಕೀ ಜೊತೆ ಪಿ ಒತ್ತಿ, ಬಾಣದ ಕೀಲಿಯಿಂದ ಆಯ್ಕೆ ಬದಲಿಸಿ ಎಂಟರ್ ಒತ್ತುತ್ತಾ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ವಿಂಡೋಸ್ ಪೂರ್ತಿ ತೆರೆದುಕೊಳ್ಳುವವರೆಗೂ ಹೊರಗಿನ ಪರದೆಗೆ ಏನನ್ನೂ ಕಳಿಸುವುದಿಲ್ಲ, ಹಾಗಾಗಿ ಅವಸರ ಬೇಡ. ಟಿವಿಯಲ್ಲಿ ಎಲ್ಲ ಚೆನ್ನಾಗಿ ಕಂಡರೆ "ಬೋರ್ಡ್ ಪೂರ್ತಿ ಡೆಡ್" ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು. ಉಳಿಯುವುದು ಪ್ಯಾನೆಲ್ (ಪರದೆಯ ಫಲಕ), ಅದರ ಕೇಬಲ್, ಬ್ಯಾಕ್‌ಲೈಟ್ ಸರ್ಕ್ಯೂಟ್, ಇಲ್ಲವೇ ಮುಚ್ಚಳದ ಸೆನ್ಸರ್.

ಮುಚ್ಚಳದ ಸೆನ್ಸರ್ ಅಂದೆ. ಅದು ಆಯಸ್ಕಾಂತ ನೋಡಿ ಕೆಲಸ ಮಾಡುವಂಥದ್ದು. ಮ್ಯಾಗ್ನೆಟ್ ಇರುವ ಫೋನ್ ಕವರನ್ನೋ ಮ್ಯಾಗ್ನೆಟ್ ಪಟ್ಟಿಯ ವಾಚನ್ನೋ ಕೀಬೋರ್ಡ್ ಅಂಚಿಗೆ ತಂದರೆ ಮುಚ್ಚಳ ಮುಚ್ಚಿದೆ ಅಂದುಕೊಂಡು ಸ್ಕ್ರೀನ್ ಆಫ್ ಆಗುತ್ತದೆ. ನಗಬೇಡಿ, ಈ ಕಾರಣಕ್ಕೇ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳೂ ಇವೆ.

ಆಮೇಲೆ ಟಾರ್ಚ್ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಆನ್ ಇಟ್ಟು ಫೋನಿನ ಟಾರ್ಚನ್ನು ಪರದೆಗೆ ಓರೆಯಾಗಿ, ತೀರಾ ಹತ್ತಿರ ಹಿಡಿಯಿರಿ. ಮಸುಕಾಗಿ ಲಾಗಿನ್ ಚಿತ್ರವೋ ಮೌಸ್ ಬಾಣವೋ ಕಂಡರೆ ಪ್ಯಾನೆಲ್‌ಗೆ ಚಿತ್ರ ತಲುಪುತ್ತಿದೆ, ಹಿಂದಿನ ಬೆಳಕು ಮಾತ್ರ ಇಲ್ಲ. ಡೆಲ್‌ನಲ್ಲಿ ಇನ್ನೊಂದು ಸುಲಭದ ದಾರಿ ಇದೆ: ಪೂರ್ತಿ ಆಫ್ ಮಾಡಿ, ಡಿ ಕೀ ಒತ್ತಿ ಹಿಡಿದೇ ಪವರ್ ಆನ್ ಮಾಡಿದರೆ ಪರದೆಯಲ್ಲಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳು ಒಂದಾದ ಮೇಲೊಂದು ಬರಬೇಕು. ಬಂದರೆ ಪ್ಯಾನೆಲ್ ಬದಲಿಸುವ ಮಾತಿಗೆ ಒಪ್ಪಬೇಡಿ.

ಮುಚ್ಚಳವನ್ನು ಒಂದು ಕೋನದಲ್ಲಿ ನಿಲ್ಲಿಸಿದಾಗ ಚಿತ್ರ ಬಂದು, ಇನ್ನಷ್ಟು ತೆರೆದಾಗ ಹೋಗುತ್ತಿದ್ದರೆ ಹಿಂಜ್ ಮೂಲಕ ಹಾಯುವ ಕೇಬಲ್ ಸವೆದಿದೆ. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊಗಳಲ್ಲಿ ಈ ಜಾತಿಯ ಬ್ಯಾಕ್‌ಲೈಟ್ ತೊಂದರೆ ಎಷ್ಟು ಹೆಚ್ಚಾಯಿತೆಂದರೆ 2019ರ ಮೇನಲ್ಲಿ ಆಪಲ್ ಉಚಿತ ರಿಪೇರಿ ಯೋಜನೆಯನ್ನೇ ಪ್ರಕಟಿಸಬೇಕಾಯಿತು.

ಕ್ಯಾಪ್ಸ್ ಲಾಕ್ ಸ್ಪಂದಿಸದಿದ್ದರೆ ದಾರಿ ಬೇರೆ. ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಥಿಂಕ್‌ಪ್ಯಾಡ್‌ಗಳ ಹಲವು ಮಾಡೆಲ್‌ಗಳಲ್ಲಿ ಅಡಿಭಾಗದಲ್ಲಿ ಸೂಜಿ ತೂರುವಷ್ಟು ಚಿಕ್ಕ ರೀಸೆಟ್ ರಂಧ್ರ ಇರುತ್ತದೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಇದಕ್ಕೂ ಬಗ್ಗದಿದ್ದರೆ ರ‍್ಯಾಮ್. ಕರಾವಳಿ, ಮಲೆನಾಡಿನ ತೇವದಲ್ಲಿ ಇರುವ ಲ್ಯಾಪ್‌ಟಾಪ್ ಆದರಂತೂ ಮೊದಲ ಅನುಮಾನ ಅದರ ಮೇಲೇ ಇರಲಿ, ಚಿನ್ನದ ಬಣ್ಣದ ಆ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಮಸಿ ಕಟ್ಟಿದರೂ ಸಾಕು. ಚಾರ್ಜರನ್ನೂ ಒಳಗಿನ ಬ್ಯಾಟರಿ ಕನೆಕ್ಟರನ್ನೂ ಮೊದಲು ಬಿಚ್ಚಿ (ಯಾಕೆ ಅಂತ ಮುಂದೆ ಹೇಳುತ್ತೇನೆ), ಆಮೇಲೆ ಅದನ್ನು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಹಲ್ಲು ಒರೆಸಿ, ಒಣಗಿದ ಮೇಲೆ ಸ್ಲಾಟಿಗೆ ಓರೆಯಾಗಿ ಪೂರ್ತಿ ಒಳಗೆ ತಳ್ಳಿ ಕೆಳಕ್ಕೆ ಒತ್ತಬೇಕು, ಎರಡೂ ಕಡೆಯ ಕ್ಲಿಪ್ "ಟಕ್" ಅನ್ನಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿ. ಡಿಡಿಆರ್5 ಅನ್ನುವ ಈಚಿನ ತಲೆಮಾರಿನ ಮೆಮೊರಿ ಇರುವ ಯಂತ್ರ ರ‍್ಯಾಮ್ ತೆಗೆದು ಹಾಕಿದ ಮೇಲೆ ಮೊದಲ ಸಲ ಹಲವಾರು ನಿಮಿಷ ಕಪ್ಪಾಗೇ ನಿಲ್ಲಬಹುದು, ಅದು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಆಗ ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ರ‍್ಯಾಮ್ ಬೋರ್ಡಿಗೇ ಬೆಸೆದಿರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇದ್ಯಾವುದೂ ಮಾಡಲಾಗದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಅಡಿ ಮುಚ್ಚಳ ತೆಗೆದ ಮೇಲೆ ಮುಟ್ಟಬೇಕಾದ ಮೊದಲ ವಸ್ತು ಬ್ಯಾಟರಿ ಕನೆಕ್ಟರ್. ರ‍್ಯಾಮ್ ಆಮೇಲೆ, ಡಿಸ್‌ಪ್ಲೇ ಕೇಬಲ್ ಅದಕ್ಕೂ ಆಮೇಲೆ. ಕಾರಣ ಇಷ್ಟು: ಸಾಮಾನ್ಯವಾಗಿ ಪ್ಯಾನೆಲ್ ಹಿಂದೆ ಇರುವ ಕನೆಕ್ಟರಿನಲ್ಲಿ 30 ಪಿನ್, ಪಿನ್‌ನಿಂದ ಪಿನ್‌ಗೆ ಅರ್ಧ ಮಿಲಿಮೀಟರ್ ಅಂತರ. ಅದರಲ್ಲಿ 12, 13ನೇ ಪಿನ್ ಪ್ಯಾನೆಲ್‌ಗೆ 3.3 ವೋಲ್ಟ್ ಕೊಡುತ್ತವೆ. 26ರಿಂದ 29ರವರೆಗಿನವು ಬ್ಯಾಕ್‌ಲೈಟಿನವು, ಅವುಗಳಲ್ಲಿ ಬ್ಯಾಟರಿ ಅಥವಾ ಚಾರ್ಜರಿನ ಪೂರ್ತಿ ವೋಲ್ಟೇಜು ಇರಬಹುದು. 19 ವೋಲ್ಟಿನ ಚಾರ್ಜರ್ ಆದರೆ ಅಷ್ಟೂ. ಅದೇ ಸಾಲಿನ ಕೆಲವು ಸಿಗ್ನಲ್ ಪಿನ್‌ಗಳು ಪ್ರೊಸೆಸರಿಗೇ ಹೋಗುವಂಥವು, ಒಂದೆರಡು ವೋಲ್ಟನ್ನೂ ತಾಳದವು. ಹಲವು ಬೋರ್ಡ್‌ಗಳಲ್ಲಿ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಕ್‌ಲೈಟಿನ ಲೈನಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಕೇಬಲನ್ನು ಕೊಂಚ ಓರೆಯಾಗಿ ಎಳೆದರೂ ಒಂದರ ಹಲ್ಲು ಇನ್ನೊಂದಕ್ಕೆ ತಗುಲುತ್ತದೆ. ಅದೃಷ್ಟ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಪ್ರೊಸೆಸರ್, ಆಗ ಬೋರ್ಡ್ ನಿಜವಾಗಿಯೂ ಹೋಗುತ್ತದೆ.

ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಫ್ಯೂಸ್ ಹೋಗಿತ್ತು. ರ‍್ಯಾಮ್ ಸರಿಮಾಡಿದ ಮೇಲೆ ಟಿವಿಯಲ್ಲಿ ಚಿತ್ರ ಬಂತು, ಟಾರ್ಚ್ ಹಿಡಿದಾಗ ಪರದೆಯಲ್ಲೂ ಮಸುಕಾಗಿ ಕಂಡಿತು. ಬ್ಯಾಟರಿ ಬಿಚ್ಚಿ, ಡಿಸ್‌ಪ್ಲೇ ಕನೆಕ್ಟರಿನ ಪಕ್ಕದ ಸಾಸಿವೆ ಗಾತ್ರದ ಫ್ಯೂಸಿನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ ಬೀಪ್ ಇಲ್ಲ. ಅದೇ ಆಂಪಿಯರಿನ ಫ್ಯೂಸ್ ಬೆಸೆದು ಬೆಳಕು ಬಂತು. ಫ್ಯೂಸ್ ಜಾಗಕ್ಕೆ ತಂತಿಯ ತುಣುಕು ಬೆಸೆದು ಕಳಿಸುವವರೂ ಇದ್ದಾರೆ. ಮುಂದಿನ ಸಲ ಶಾರ್ಟ್ ಆದಾಗ ಸುಡುವುದು ಕೇಬಲ್ಲೋ ಪ್ಯಾನೆಲ್ಲೋ, ಹಾಗಾಗಿ "ಏನು ಹಾಕಿದ್ದೀರಿ ತೋರಿಸಿ" ಅಂತ ಕೇಳಿ. ಹೀಟ್ ಗನ್ನಿನಿಂದ ಚಿಪ್ ಬಿಸಿ ಮಾಡಿ ಸ್ಕ್ರೀನ್ ಬರಿಸುವುದೂ ಇಂಥದ್ದೇ ಇನ್ನೊಂದು ಆಟ, ಕೆಲವು ವಾರ ನಡೆದು ಮತ್ತೆ ಮಲಗುತ್ತದೆ.

ಪ್ಯಾನೆಲ್ಲೇ ಹೋಗಿದೆ ಅಂತ ಖಾತ್ರಿಯಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೋ ಬೇರೆಲ್ಲಿಗೋ ಕೊಳ್ಳಲು ಹೋಗುವಿರಾದರೆ ಹಳೆಯ ಪ್ಯಾನೆಲ್ ಜೊತೆಗಿರಲಿ. ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಸಾಲದು, ಒಂದೇ ಮಾಡೆಲ್‌ಗೆ ಕಂಪನಿಯವರು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತಾರೆ. ಪ್ಯಾನೆಲ್ ಬೆನ್ನಿನ ಸ್ಟಿಕ್ಕರಿನ ನಂಬರ್, ಪಿನ್ ಲೆಕ್ಕ, ಸ್ಕ್ರೂ ಕಿವಿ ಇದೆಯೋ ಇಲ್ಲವೋ, ಮೂರೂ ಹೊಂದಬೇಕು. ಟಚ್ ಇರುವವಕ್ಕೂ 144 ಹರ್ಟ್ಜ್‌ನವಕ್ಕೂ ಸಾಮಾನ್ಯವಾಗಿ 40 ಪಿನ್, ಅದು 30 ಪಿನ್ ಕೇಬಲಿಗೆ ಕೂರುವುದಿಲ್ಲ.

ನಿಜಕ್ಕೂ ಬೋರ್ಡ್ ಬದಲಿಸಲೇಬೇಕಾಗಿ ಬಂದರೆ ಅದಕ್ಕೂ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಇದೆಯೇ ನೋಡಿ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬೋರ್ಡ್ ಬದಲಾದರೆ ನಿಮ್ಮ ಫೈಲುಗಳಿರುವ ಹಳೆ ಎಸ್‌ಎಸ್‌ಡಿ ಆ ಕೀ ಕೇಳುತ್ತದೆ, ಇಲ್ಲದಿದ್ದರೆ ಫೋಟೋ, ಪ್ರಾಜೆಕ್ಟ್ ಎಲ್ಲಕ್ಕೂ ಎಳ್ಳುನೀರು. ಅಂಗಡಿಗೆ ಕೊಡುವಾಗ ಬಿಚ್ಚಬಹುದಾದ ಎಸ್‌ಎಸ್‌ಡಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಸ್ಕ್ರೀನ್ ಪರೀಕ್ಷೆಗೆ ಅದು ಬೇಡ, ಬಯೋಸ್ ಪುಟ ಬಂದರೆ ಸಾಕು. ರ‍್ಯಾಮ್ ಮತ್ತು ಬ್ಯಾಟರಿಯ ಸೀರಿಯಲ್ ನಂಬರಿನ ಫೋಟೋ ತೆಗೆದು, ರಸೀದಿಯಲ್ಲಿ ಬರೆಸಿ. ಬೋರ್ಡ್ ಬದಲಿಸಿದೆವು ಅಂದರೆ ಹಳೆ ಬೋರ್ಡನ್ನು ಕೈಗೆ ಕೊಡಬೇಕು ಅಂತ ಮೊದಲೇ ಹೇಳಿ. ಬಿಲ್ ಇಲ್ಲದೆ ದುಡ್ಡು ಕೊಡಬೇಡಿ; ಜಗಳ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಕೈಯಲ್ಲಿ ಆ ಕಾಗದ ಇರಬೇಕು.