ಎಂಟು ವರ್ಷ ಯುಪಿಐ ಬಳಸಿದ ಮೇಲೆ: ತುಮಕೂರಿನ ಚಟ್ನಿಪುಡಿ ಅಂಗಡಿಯಿಂದ

ಎಸ್.ಎಸ್. ಪುರಂನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಕೊಬ್ಬರಿ ಚಟ್ನಿಪುಡಿ, ಕಡಲೆಬೀಜದ ಚಟ್ನಿಪುಡಿ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ ಮಾರುತ್ತೇವೆ. ಕೊಬ್ಬರಿ ತಿಪಟೂರಿನಿಂದ ಬರುತ್ತದೆ. 2018ರಿಂದ ಯುಪಿಐ ಬಳಸುತ್ತಿದ್ದೇನೆ. ಈಗ ದಿನದ ವ್ಯಾಪಾರದ ಮುಕ್ಕಾಲು ಪಾಲು ಅದರಲ್ಲೇ ನಡೆಯುತ್ತದೆ.

ಆ್ಯಪ್‌ಗಳ ವಿಮರ್ಶೆ ಬೇಕಾದಷ್ಟು ಸಿಗುತ್ತವೆ. ನಾನು ಬರೆಯುತ್ತಿರುವುದು ಆ್ಯಪ್‌ಗಳ ಹಿಂದಿರುವ ಯುಪಿಐ ಅನ್ನೋ ಏರ್ಪಾಡಿನ ಬಗ್ಗೆ. ಇದೇ ಸಮಯದಲ್ಲಿ ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲೂ ನಮ್ಮ ಪುಡಿ ಮಾರಿದ್ದೆ. ಎರಡರ ಅನುಭವವೂ ಇರುವುದರಿಂದ, ದೊಡ್ಡ ಟೆಕ್ ಕಂಪನಿಗಳನ್ನು ಸರ್ಕಾರ ಏನು ಮಾಡಬೇಕು ಅನ್ನೋ ಮಾತು ಬಂದಾಗ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಮೊದಲು ಹಳೇ ಕಥೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಎಲ್ಲರೂ ಮೊದಲೇ ದುಡ್ಡು ತುಂಬಿಟ್ಟುಕೊಳ್ಳುವ ಮೊಬೈಲ್ ವಾಲೆಟ್ ಹಿಂದೆ ಬಿದ್ದರು. ನಮ್ಮ ಗಲ್ಲಾಪೆಟ್ಟಿಗೆ ಮೇಲೆ ಮೂರು ಕಂಪನಿಗಳ ಮೂರು ಸ್ಟಿಕ್ಕರ್ ಇದ್ದವು. ಗಿರಾಕಿ ಬಂದವರು ಮೊದಲು ಸ್ಟಿಕ್ಕರ್ ನೋಡಿ "ನಂದು ಇದರಲ್ಲಿಲ್ವಲ್ಲ" ಅಂತಿದ್ದರು. ಕೈಗೆತ್ತಿಕೊಂಡ ಪ್ಯಾಕೆಟ್ ವಾಪಸ್ ಇಟ್ಟು ಹೋದವರೂ ಇದ್ದಾರೆ. ಬಂದ ದುಡ್ಡು ಮೂರು ಕಡೆ ಹಂಚಿಹೋಗುತ್ತಿತ್ತು. ಅದನ್ನು ಬ್ಯಾಂಕಿಗೆ ಹಾಕಿಕೊಳ್ಳಲು ಒಂದು ಕಡೆ ಕಮಿಷನ್ ಬೇರೆ.

ಯುಪಿಐ ಬಂದ ಮೇಲೆ ಒಂದೇ ಸ್ಟಿಕ್ಕರ್ ಸಾಕಾಯಿತು. ಗಿರಾಕಿಯದು ಯಾವ ಆ್ಯಪ್ ಆದರೂ, ಯಾವ ಬ್ಯಾಂಕ್ ಆದರೂ ಸರಿ. ಇದು ಯಾವುದೋ ಕಂಪನಿಯ ದೊಡ್ಡ ಮನಸ್ಸಿನಿಂದ ಆಗಿದ್ದಲ್ಲ. ಬ್ಯಾಂಕುಗಳೇ ಸೇರಿ ಕಟ್ಟಿದ ಎನ್‌ಪಿಸಿಐ ಸಂಸ್ಥೆ 2016ರಲ್ಲಿ ಈ ದಾರಿ ಹಾಕಿತು. 2020ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇನ್ನೊಂದು ಆದೇಶ ಮಾಡಿತು. ತಮ್ಮ ಆ್ಯಪ್‌ಗೆ ಮಾತ್ರ ಓದಲು ಬರುವ ಹೊಸ ಕ್ಯೂಆರ್ ಕೋಡ್ ಇನ್ನು ಯಾರೂ ತರುವಂತಿಲ್ಲ. ಹಳೆಯವನ್ನು 2022ರ ಮಾರ್ಚ್ 31ರೊಳಗೆ ಎಲ್ಲರದಕ್ಕೂ ಹೊಂದುವಂತೆ ಬದಲಿಸಬೇಕು. ಅಂಗಡಿ ಇಟ್ಟುಕೊಂಡವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಬಳಕೆಯಲ್ಲಿ ನನಗೆ ಅತಿ ಹೆಚ್ಚು ಉಪಕಾರವಾಗಿದ್ದು ಮಾತಾಡುವ ಡಬ್ಬಿ. ನಮ್ಮ ಅತ್ತೆಗೆ ಓದಲು ಬರುವುದಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಕೂರುವುದು ಅವರೇ. ಡಬ್ಬಿ ಕನ್ನಡದಲ್ಲಿ ಎಷ್ಟು ಬಂತು ಅಂತ ಹೇಳಿದರೆ ಅವರಿಗೆ ಧೈರ್ಯ. ಮೊದಲು ಒಂದು ಕಂಪನಿಯ ಡಬ್ಬಿ ಇಟ್ಟಿದ್ದೆ. ಒಂದೇ ತಿಂಗಳಲ್ಲಿ ಎರಡು ಸಲ ಬಾಡಿಗೆ ಕತ್ತರಿಸಿದರು. ಕೇಳಿದರೆ ಸರಿಯಾದ ಉತ್ತರವಿಲ್ಲ. ಸಾಲ ಬೇಕಾ, ಸಾಲ ಬೇಕಾ ಅಂತ ದಿನಾ ಫೋನ್. ಬೇಸತ್ತು ಡಬ್ಬಿ ವಾಪಸ್ ಕೊಟ್ಟೆ. ಮರುದಿನವೇ ಬೇರೆ ಕಂಪನಿಯದು ಬಂತು. ಹಳೇ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿದೆ. ಬ್ಯಾಂಕ್ ಖಾತೆ ಅದೇ. ಒಬ್ಬ ಗಿರಾಕಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಒಂದು ರೂಪಾಯಿ ವ್ಯಾಪಾರ ಕಮ್ಮಿಯಾಗಲಿಲ್ಲ.

ಈಗ ಆನ್‌ಲೈನ್ ಮಾರುಕಟ್ಟೆ. ಅದರ ಹೆಸರು ಬೇಡ. 2020ರ ಲಾಕ್‌ಡೌನ್‌ನಲ್ಲಿ ಸೇರಿದೆ. ಶುರುವಿನಲ್ಲಿ ನಿಜಕ್ಕೂ ಕೈಹಿಡಿಯಿತು. ನಮ್ಮ ಪುಡಿ ಮಂಗಳೂರಿಗೆ, ಪುಣೆಗೆ ಹೋಯಿತು. ರಾತ್ರಿ ಹನ್ನೊಂದರವರೆಗೆ ನಾನು, ನನ್ನ ನಾದಿನಿ ಪ್ಯಾಕ್ ಮಾಡುತ್ತಿದ್ದೆವು. ಮೂರು ವರ್ಷದಲ್ಲಿ ಒಳ್ಳೇ ಹೆಸರು ಬಂತು. ನೂರಾರು ಜನ ನಕ್ಷತ್ರ ಕೊಟ್ಟು, ಎರಡು ಸಾಲು ಮೆಚ್ಚುಗೆ ಬರೆದಿದ್ದರು.

ಆಮೇಲೆ ಕಮಿಷನ್ ಏರಿತು. ಮೇಲಿನ ಸಾಲಿನಲ್ಲಿ ಕಾಣಬೇಕಾದರೆ ಜಾಹೀರಾತಿಗೆ ಬೇರೆ ಕೊಡಬೇಕಾಯಿತು. ಒಂದು ದಿನ ನೋಡಿದರೆ ನಮ್ಮ ಪುಡಿ ಹುಡುಕಿದಾಗ ಮೊದಲು ಬರುತ್ತಿದ್ದುದು ಆ ಮಾರುಕಟ್ಟೆಯ ಸ್ವಂತ ಬ್ರ್ಯಾಂಡಿನ ಪುಡಿ. ಪ್ಯಾಕೆಟ್ ಅಳತೆಯೂ ನಮ್ಮದೇ, ಬೆಲೆ ಮಾತ್ರ ನಮ್ಮದಕ್ಕಿಂತ ಐದು ರೂಪಾಯಿ ಕಡಿಮೆ. ಯಾವ ಊರಲ್ಲಿ ಎಷ್ಟು ಹೋಗುತ್ತೆ, ಯಾವ ಬೆಲೆಗೆ ಜನ ಕೊಳ್ಳುತ್ತಾರೆ ಅನ್ನೋ ಲೆಕ್ಕವೆಲ್ಲ ಮೂರು ವರ್ಷದಿಂದ ಅವರ ಕೈಯಲ್ಲೇ ಇತ್ತಲ್ವಾ? ನನಗೆ ಅಳುವೇ ಬಂತು.

ಬಿಟ್ಟು ಬೇರೆ ಕಡೆ ಹೋಗೋಣ ಅಂದರೆ ಏನೂ ಜೊತೆಗೆ ಬರುವುದಿಲ್ಲ. ನಕ್ಷತ್ರ ಅಲ್ಲೇ, ಜನರ ಮಾತು ಅಲ್ಲೇ. ಕೊಂಡವರು ಯಾರು ಅಂತಲೂ ನನಗೆ ಗೊತ್ತಿಲ್ಲ. ಡಬ್ಬಿ ಬದಲಿಸಿದಾಗ ನನ್ನದು ನನ್ನ ಹತ್ತಿರವೇ ಇತ್ತು. ಇಲ್ಲಿ ಮೂರು ವರ್ಷದ ದುಡಿಮೆ ಬಿಟ್ಟು ಬರಿಗೈಯಲ್ಲಿ ಬರಬೇಕಾಯಿತು. ಬಂದೆ ಕೂಡ.

ಅದಕ್ಕೇ ಕಂಪನಿಗೆ ದಂಡ ಬಿತ್ತು ಅಂತ ಪೇಪರಿನಲ್ಲಿ ಓದಿದಾಗ ನನಗೆ ಪೂರ್ತಿ ಸಮಾಧಾನ ಆಗುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ, ಫೋನ್‌ಗಳನ್ನು ನಡೆಸುವ ಆ್ಯಂಡ್ರಾಯ್ಡ್ ತಂತ್ರಾಂಶದ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಕೇಳಲು ದೊಡ್ಡ ಮೊತ್ತ. ಆದರೆ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಆ ವರ್ಷದ ಲಾಭ ಸುಮಾರು 6,000 ಕೋಟಿ ಡಾಲರ್. ಭಾಗಿಸಿ ನೋಡಿದರೆ ದಂಡ ಸುಮಾರು ಒಂದು ದಿನದ ಲಾಭ. ನನ್ನ ಒಂದು ದಿನದ ಲಾಭ ಕಿತ್ತುಕೊಂಡರೆ ನಾನೇನು ವ್ಯಾಪಾರದ ರೀತಿ ಬದಲಿಸುತ್ತೇನಾ? ನಿಜವಾಗಿ ಕೆಲಸ ಮಾಡಿದ್ದು ಆ ಆದೇಶದ ಉಳಿದ ಸಾಲುಗಳು. ಫೋನ್ ತಯಾರಿಸುವ ಕಂಪನಿಗಳು ಗೂಗಲ್‌ನ ಎಲ್ಲ ಆ್ಯಪ್‌ಗಳನ್ನೂ ಒಟ್ಟಿಗೆ ಹಾಕಲೇಬೇಕು ಅನ್ನುವಂತಿಲ್ಲ, ಹುಡುಕಾಟಕ್ಕೆ ಯಾವುದು ಬೇಕು ಅಂತ ಬಳಸುವವರೇ ಆರಿಸಬೇಕು ಅನ್ನೋ ಮಾತು ಅದರಲ್ಲಿತ್ತು. 2024ರಿಂದ ದಂಡವನ್ನು ಕಂಪನಿಯ ಜಗತ್ತಿನಾದ್ಯಂತದ ವಹಿವಾಟಿನ ಮೇಲೆ, ಶೇ. 10ರವರೆಗೆ ಹಾಕಲು ಅವಕಾಶವಿದೆ. ಇದು ಒಳ್ಳೇ ಹೆಜ್ಜೆ, ಬಳಸಬೇಕು ಅಷ್ಟೇ.

ಹಾಗಾದರೆ ಇಂಥ ದೊಡ್ಡ ಕಂಪನಿಗಳನ್ನು ಒಡೆಯಬೇಕಾ? ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ ಅನ್ನೋ ಫೋನ್ ಕಂಪನಿಯನ್ನು 1984ರಲ್ಲಿ ಒಡೆದು ಏಳು ಪ್ರಾದೇಶಿಕ ಕಂಪನಿಗಳನ್ನು ಬೇರೆ ಮಾಡಿದರು. ಗೂಗಲ್ ವಿಷಯದಲ್ಲಿ ಅಷ್ಟು ದೂರ ಹೋಗಲಿಲ್ಲ. ಹುಡುಕಾಟದಲ್ಲಿ ಅದು ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ 2024ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪು ಕೊಟ್ಟರು. 2022ರ ಒಂದೇ ವರ್ಷದಲ್ಲಿ ಅದು ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿದ್ದು ಆ ಮೊಕದ್ದಮೆಯಲ್ಲಿ ಹೊರಬಿತ್ತು. ಐಫೋನ್‌ನಲ್ಲಿ ತಾನೇ ಮೊದಲು ಸಿಗಬೇಕು ಅನ್ನೋದಕ್ಕೆ ಕೊಟ್ಟ ದುಡ್ಡು ಅದು. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಧೀಶರು ಗೂಗಲ್ ತನ್ನ ಬ್ರೌಸರ್ ಕ್ರೋಮ್ ಮಾರಬೇಕಿಲ್ಲ ಅಂದರು. ಕೆಲವು ಮಾಹಿತಿಯನ್ನು ಸ್ಪರ್ಧಿಗಳ ಜೊತೆ ಹಂಚಿಕೊಳ್ಳಬೇಕು ಅಂತ ಆದೇಶಿಸಿದರು.

ನನ್ನ ಅನುಭವದಿಂದ ಹೇಳುವುದಾದರೆ, ಸಂತೆ ನಡೆಸುವವನೇ ಸಂತೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದರೆ ಅಲ್ಲಿ ಒಡೆಯಲೇಬೇಕು. ಸುಂಕ ವಸೂಲಿ ಮಾಡುವವನೂ ಅವನೇ, ನನ್ನ ಪಕ್ಕ ಕೂತು ಮಾರುವವನೂ ಅವನೇ ಅಂದರೆ ನಾನು ಬದುಕುವುದು ಹೇಗೆ? ಉಳಿದ ಕಡೆ ಕಂಪನಿ ದೊಡ್ಡದಿರಲಿ, ಆದರೆ ಬಾಗಿಲು ತೆರೆದಿರಲಿ. ಮೊಬೈಲ್ ನಂಬರ್ ನೆನಪಿಸಿಕೊಳ್ಳಿ. 2011ರ ಜನವರಿ 20ರಂದು ದೇಶದಾದ್ಯಂತ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಬಂತು. ಅಂಗಡಿ ಬೋರ್ಡಿನ ಮೇಲೆ ಬರೆಸಿದ ನಂಬರ್ ಅಳಿಸಬೇಕಿಲ್ಲ ಅನ್ನೋ ಒಂದೇ ಕಾರಣಕ್ಕೆ ಎಷ್ಟು ಜನ ಧೈರ್ಯವಾಗಿ ಬದಲಿಸಿದರು! ನನ್ನ ನಕ್ಷತ್ರಗಳೂ ಹಾಗೇ ನನ್ನ ಜೊತೆ ಬರಬೇಕಿತ್ತು.

ಯುಪಿಐನಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳಿದರೆ ತಪ್ಪಾಗುತ್ತದೆ. ದಾರಿ ಎಲ್ಲರದು, ಆದರೆ ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಸುಮಾರು ಶೇ. 80ರಷ್ಟು ವಹಿವಾಟು ಹಿಡಿದಿವೆ. ಒಂದು ಆ್ಯಪ್‌ಗೆ ಶೇ. 30ಕ್ಕಿಂತ ಹೆಚ್ಚು ಇರಬಾರದು ಅಂತ ಎನ್‌ಪಿಸಿಐ 2020ರಲ್ಲೇ ಹೇಳಿತ್ತು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿದೆ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನನಗೆ ಅದು ದೊಡ್ಡ ಅನುಕೂಲ, ಬಿಟ್ಟುಕೊಡಲು ಇಷ್ಟವೂ ಇಲ್ಲ. ಆದರೆ ಆದಾಯವಿಲ್ಲದ ಕಡೆ ಚಿಕ್ಕ ಕಂಪನಿ ಎಷ್ಟು ದಿನ ನಿಲ್ಲುತ್ತದೆ? ಹಿಂದೆ ದೊಡ್ಡ ದುಡ್ಡು ಇದ್ದವರೇ ಉಳಿಯುತ್ತಾರೆ. ಇದಕ್ಕೆ ಸರ್ಕಾರ ಬೇರೆ ದಾರಿ ಹುಡುಕಲೇಬೇಕು.

ಇನ್ನೊಂದು ಭಯ, ದಾರಿ ಒಂದೇ ಇರುವುದು. 2025ರ ಏಪ್ರಿಲ್ 12ರಂದು ದೇಶದ ತುಂಬ ಯುಪಿಐ ಕೈಕೊಟ್ಟಿದ್ದು ನಿಮಗೂ ನೆನಪಿರಬಹುದು. ಅದಕ್ಕೇ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಯಾವಾಗಲೂ ಇಟ್ಟಿರುತ್ತೇನೆ. ಅದೇ ವರ್ಷ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ನಮ್ಮ ರಸ್ತೆಯಲ್ಲಿ ಇಬ್ಬರು ಸ್ಟಿಕ್ಕರ್ ಕಿತ್ತು ಹಾಕಿದರು. ನಾನು ಕೀಳಲಿಲ್ಲ, ಲೆಕ್ಕ ಬರೆದಿಡಲು ಶುರು ಮಾಡಿದೆ.

ಹೊಸದಾಗಿ ಅಂಗಡಿ ಇಡುವವರಿಗೆ ಒಂದು ಉಪಯೋಗದ ಮಾತು. ಗಿರಾಕಿ ಖಾತೆಯಿಂದ ದುಡ್ಡು ಹೋಗಿ ನಿಮಗೆ ಖಾತ್ರಿ ಬರದಿದ್ದರೆ ಜಗಳ ಬೇಡ. ಅಂಥ ದುಡ್ಡು ಐದು ದಿನದೊಳಗೆ ಗಿರಾಕಿಗೆ ತಾನಾಗಿ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ. ಸಿದ್ಧಗಂಗಾ ಜಾತ್ರೆಯಲ್ಲಿ ಮಳಿಗೆ ಹಾಕಿದಾಗ ಜನಜಂಗುಳಿಗೆ ನೆಟ್‌ವರ್ಕ್ ಸಿಗದೆ ಹೀಗೆ ಐದಾರು ಸಲ ಆಗಿದೆ. ಈ ನಿಯಮ ಹೇಳಿದರೆ ಜನ ಸಮಾಧಾನವಾಗುತ್ತಾರೆ.

ಯುಪಿಐಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ್ಯಪ್‌ಗಳಿಗೆ ಮೂರು. ಆನ್‌ಲೈನ್ ಮಾರುಕಟ್ಟೆಗೆ ಒಂದು, ಅದೂ ಲಾಕ್‌ಡೌನ್‌ನಲ್ಲಿ ನಮ್ಮ ಮನೆ ನಡೆದಿದ್ದಕ್ಕೆ. ಶೇ. 30ರ ಗಡುವು ಮುಗಿದ ಮೇಲೆ ಏನಾಯಿತು ಅಂತ ಮತ್ತೆ ಬರೆದು ಸೇರಿಸುತ್ತೇನೆ.